ಹೆಡರ್ ಬದಲಿಸಿದರೆ ಚೀಟಿಯಲ್ಲಿ ತೂಕ ಏನೇನೋ ಬರುತ್ತದೆ, ಮೇಕ್ ಕ್ಲೀನ್ ಮಾಡಿದರೆ ಸರಿ

ಕಾಟಾ_ಬೆಳಗಾವಿ:
ನಮಸ್ಕಾರ ರೀ. ಸಕ್ಕರೆ ಕಾರ್ಖಾನೆಯ ಕಾಟಾಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕಬ್ಬಿನ ಗಾಡಿಯ ತೂಕ ಓದಿ ಚೀಟಿ ಪ್ರಿಂಟ್ ಮಾಡುತ್ತದೆ. ಕಾಮನ್, ಸೀರಿಯಲ್, ಆ್ಯಪ್ ಅಂತ ಮೂರು ಫೋಲ್ಡರ್, ಪ್ರತಿಯೊಂದಕ್ಕೂ ಒಂದು ಮೇಕ್‌ಫೈಲ್ (ಬಿಲ್ಡ್ ಹೇಗೆ ಮಾಡಬೇಕು ಅಂತ ಮೇಕ್‌ಗೆ ಹೇಳುವ ಫೈಲ್). ಮೇಲಿನ ಮೇಕ್‌ಫೈಲ್ ಫಾರ್ ಲೂಪ್‌ನಲ್ಲಿ ಒಂದೊಂದೇ ಫೋಲ್ಡರ್‌ಗೆ ಹೋಗುತ್ತದೆ. ಎಲ್ಲರೂ ಬಳಸುವ ಕಾಮನ್ ಹೆಡರ್ ಫೈಲ್‌ನ ಸ್ಟ್ರಕ್ಟ್‌ನಲ್ಲಿ (ತೂಕದಂಥ ಮಾಹಿತಿಯ ಗುಂಪು) ಗಾಡಿ ನಂಬರ್ ಸೇರಿಸಿದೆ. ಒಂದೂ ಎರರ್ ಇಲ್ಲ, ಆದರೆ ತೂಕ ಪೂರ್ತಿ ತಪ್ಪು. ಪ್ರತಿ ಸಲ ಹಳೆಯ ಬಿಲ್ಡ್ ಫೈಲ್ ಅಳಿಸಿ ಕ್ಲೀನ್ ಮಾಡ್ತಾ ಕೂರಬೇಕಾ?

ಗುಮ್ಮಟ_ವಿಜಯಪುರ:
ಬೇಡ ರೀ. ಸೀರಿಯಲ್‌ನ ಹಳೆಯ .ಓ (ಕಂಪೈಲ್ ಆದ) ಫೈಲ್‌ಗಳು ಇನ್ನೂ ಹಳೆಯ ಸ್ಟ್ರಕ್ಟ್ ಲೆಕ್ಕದಲ್ಲೇ ಇವೆ, ಆ್ಯಪ್ ಹೊಸದರಲ್ಲಿದೆ. ತೂಕ ಬರೆಯುವ ಜಾಗ ಒಂದು, ಓದುವ ಜಾಗ ಇನ್ನೊಂದು. ನಿಮ್ಮ ಮೇಕ್‌ಫೈಲ್‌ಗೆ .ಸಿ ಬದಲಾದದ್ದು ಮಾತ್ರ ಗೊತ್ತಾಗುತ್ತದೆ, ಹೆಡರ್ ಗೊತ್ತಾಗಲ್ಲ.

ಸಿ ಕಂಪೈಲರ್ ಜಿಸಿಸಿಗೆ -ಎಂಎಂಡಿ -ಎಂಪಿ ಎರಡೂ ಕೊಡಿ. ಪ್ರತಿ .ಓ ಪಕ್ಕ ಒಂದು .ಡಿ ಫೈಲ್ ಬರುತ್ತದೆ, ಯಾವ ಹೆಡರ್ ಬೇಕು ಅನ್ನೋದು ಅದರಲ್ಲಿರುತ್ತದೆ. ಮೇಕ್‌ಫೈಲ್ ಕೊನೆಗೆ -ಇನ್‌ಕ್ಲೂಡ್ ಹಾಕಿ ಅವನ್ನು ಸೇರಿಸಿ. ಮುಂದಿನ ಮೈನಸ್ ಬಿಡಬೇಡಿ, ಇಲ್ಲದಿದ್ದರೆ ಮೊದಲ ಬಿಲ್ಡ್‌ನಲ್ಲೇ ಫೈಲ್ ಇಲ್ಲ ಅಂತ ನಿಲ್ಲುತ್ತದೆ. -ಎಂಪಿ ಇಲ್ಲದಿದ್ದರೆ ಮುಂದೆ ಯಾವುದೋ ಹೆಡರ್ ಅಳಿಸಿದ ದಿನ ಆ ಫೈಲ್ ಇಲ್ಲ ಅಂತ ಬಿಲ್ಡ್ ನಿಂತು ತಲೆನೋವು. ಇದನ್ನು ಹಾಕಿದ ಮೇಲೆ ಒಮ್ಮೆ ಕ್ಲೀನ್ ಮಾಡಿ, ಹಳೆಯ .ಓಗಳಿಗೆ .ಡಿ ಇರಲ್ಲ ನೋಡಿ.

ಫಾರ್ ಲೂಪ್ ಕೂಡ ತೆಗೀರಿ. ಕಾಮನ್‌ನಲ್ಲಿ ಎರರ್ ಬಂದರೂ ಅದು ಸುಮ್ನೆ ಮುಂದೆ ಹೋಗುತ್ತದೆ. ಪ್ರತಿ ಫೋಲ್ಡರನ್ನೂ ಒಂದು ಟಾರ್ಗೆಟ್ (ಮೇಕ್ ಮಾಡಬೇಕಾದ ಕೆಲಸ) ಮಾಡಿ. ಒಳಗೆ ಬರೀ ಮೇಕ್ ಅಂತ ಬರೆಯದೆ, ಡಾಲರ್ ಹಾಕಿ ದೊಡ್ಡಕ್ಷರದ ಮೇಕ್ ವೇರಿಯಬಲ್ ಬಳಸಿ. ಆಗಲೇ -ಜೆ (ಹಲವು ಕೆಲಸ ಒಟ್ಟಿಗೆ ಓಡಿಸುವ ಆಯ್ಕೆ) ಒಳಗಿನವರೆಗೂ ಹೋಗುತ್ತದೆ.

ಕಾಟಾ_ಬೆಳಗಾವಿ:
ತೂಕ ಸರಿ ಬಂತು ರೀ! ಆದರೆ ಲೂಪ್ ತೆಗೆದ ಮೇಲೆ 'ಕಾಮನ್ ಅಪ್ ಟು ಡೇಟ್' ಅಂತ ಹೇಳಿ ಏನೂ ಮಾಡುತ್ತಿಲ್ಲ.

ಗುಮ್ಮಟ_ವಿಜಯಪುರ:
ಆ ಹೆಸರಿನ ಫೋಲ್ಡರ್ ಇದೆಯಲ್ಲ, ಕೆಲಸ ಮುಗಿದಿದೆ ಅಂದುಕೊಳ್ಳುತ್ತದೆ. ಇವು ಫೈಲ್ ಅಲ್ಲ, ಬರೀ ಕೆಲಸದ ಹೆಸರು ಅಂತ ಹೇಳುವ .ಫೋನಿ ಸಾಲಿಗೆ ಮೂರನ್ನೂ ಸೇರಿಸಿ. ಆ್ಯಪ್‌ಗೆ ಕಾಮನ್, ಸೀರಿಯಲ್ ಎರಡೂ ಮೊದಲು ಬೇಕು ಅಂತಲೂ ಬರೆಯಿರಿ. ಇಲ್ಲದಿದ್ದರೆ -ಜೆ4 ಕೊಟ್ಟಾಗ ಲೈಬ್ರರಿ ತಯಾರಾಗುವ ಮೊದಲೇ ಲಿಂಕ್ ಮಾಡಲು ಹೋಗುತ್ತದೆ. ಆ್ಯಪ್‌ನ ಲಿಂಕ್ ನಿಯಮದಲ್ಲಿ ಎರಡೂ ಲೈಬ್ರರಿಯ .ಎ ಫೈಲ್ ಹೆಸರು ಇರಲಿ, ಲೈಬ್ರರಿ ಬದಲಾದರೆ ಮರುಲಿಂಕ್ ಆಗಬೇಕಲ್ವಾ.

ಬಾದಾಮಿ_ಕೋಡರ್:
ಮೇಕ್‌ಫೈಲ್ ತಾನೇ ಬರೆದುಕೊಡುವ ಸೀಮೇಕ್ ಹಾಕಿಬಿಡಿ, ಇದೆಲ್ಲ ತಾನೇ ನೋಡಿಕೊಳ್ಳುತ್ತದೆ.

ಗುಮ್ಮಟ_ವಿಜಯಪುರ:
ಹೌದು, ಆದರೆ ಮೂರು ಫೋಲ್ಡರ್‌ಗೆ ಅಷ್ಟೆಲ್ಲ ಜಾಸ್ತಿ ಆಯಿತು. ವಿಂಡೋಸ್‌ನಲ್ಲೂ ಬಿಲ್ಡ್ ಮಾಡಬೇಕಾದರೆ ಆಗ ಹೋಗಲಿ.

ಕಾಟಾ_ಬೆಳಗಾವಿ:
.ಫೋನಿ ಹಾಕಿದೆ, -ಜೆ4 ಕೂಡ ಓಡಿತು. ಕಾರ್ಖಾನೆಯ ಕಂಪ್ಯೂಟರ್ ಲಿನಕ್ಸೇ, ಸೀಮೇಕ್ ಸದ್ಯಕ್ಕೆ ಬೇಡ ರೀ.