ಬೋರಿನ ನೀರಿಗೆ ಕೂದಲದ ಮಿಂಚೆಲ್ಲಾ ಹೋಗೇತಿ, ಏನ್ ಹಚ್ಚಿದ್ರೂ ಹೊಳೆಯವಲ್ದು, ದಾರಿ ಹೇಳ್ರಿ

ಕುಂದಾನಗರಿ_ಹುಡುಗಿ:
ಎಲ್ಲಾರಿಗೂ ನಮಸ್ಕಾರ್ರಿ. ನನ್ನ ತವರುಮನಿ ಬೆಳಗಾವಿ, ಲಗ್ನಾ ಆಗಿ ವಿಜಯಪುರಕ್ಕ ಬಂದೇನಿ, ಊರ ಹೊರಗಿನ ಹೊಸಾ ಲೇಔಟಿನ್ಯಾಗ ಮನಿ. ಬೆಳಗಾವ್ಯಾಗ ಇದ್ದಾಗ ವಾರಕ್ಕೆರಡು ಸಲ ತಲಿ ಎರಕೊಂಡು ಒಂಚೂರು ಕೊಬ್ರಿ ಎಣ್ಣಿ ಸವರಿದ್ರ ಸಾಕು, ಹೆರಳು ಫಳಫಳ ಅಂತಿತ್ತು. ಇಲ್ಲೂ ಅದ ಶಾಂಪೂ, ಅದ ಎಣ್ಣಿ, ಆದ್ರ ಕೂದಲಾ ಮುಟ್ಟಿದ್ರ ಒಣಾ ಕಣಿಕಿ ಹಿಡದಂಗ ಆಗ್ತೈತಿ, ಮ್ಯಾಲ ಒಂಥರಾ ಮಬ್ಬು. ಮೊಸರು, ತತ್ತಿ, ಸೀರಮ್, ಪಾರ್ಲರ್‌ನ್ಯಾಗ ಹೇರ್ ಸ್ಪಾ ಎಲ್ಲಾ ಆತು, ಅವತ್ತೊಂದಿನ ಚಂದ ಕಾಣತೈತಿ, ಮುಂದಿನ ಸಲ ತಲಿ ಎರಕೊಂಡ ಕೂಡ್ಲೆ ಮತ್ತ ಹಿಂದಿನ ಹಾಡ. ಹಣಗಿ ಹಲ್ಲಿಗೆ ಬೆಳ್ಳಗ ಪುಡಿ ಕೂಡತೈತಿ, ಹೊಟ್ಟು ಅಂತೂ ಅಲ್ಲ. ನಾದಿನಿ ಲಗ್ನಾ ಹತ್ರ ಬಂದೈತಿ, ಕೂದಲಾ ನೇರವಾಗಿ ಮಿಂಚಬೇಕು ಅಂತ ಆಸೆ. ಎಲ್ಲಾರೂ ಕೆರಾಟಿನ್ (ಪಾರ್ಲರ್‌ನ್ಯಾಗ ಔಷಧಿ ಹಚ್ಚಿ, ಬಿಸಿ ಮಾಡಿ ಕೂದಲಾ ನೇರ ಮಾಡೂದು) ಮಾಡಿಸಿಬಿಡು ಅಂತಾರ. ಮಾಡಸ್ಲೋ ಬ್ಯಾಡೋ?

ಗುಮ್ಮಟದ_ನೆರಳು:
ತಂಗಿ, ತಿನ್ನೋ ಸೋಡಾ ಒಂದು ಚಮಚಾ ಶಾಂಪೂದಾಗ ಹಾಕಿ ತಿಕ್ಕು, ಎಲ್ಲಾ ಕೊಳಿ ಕಿತ್ತು ಬರ್ತದ. ನಮ್ಮ ಓಣ್ಯಾಗ ಹಿಂಗ ಮಾಡ್ತಾರ.

ಬಾಗಲಕೋಟಿ_ಪಾರ್ಲರ್_ಅಕ್ಕ:
ಸೋಡಾ ಬ್ಯಾಡ್ರಿ, ದಯವಿಟ್ಟು. ತಿನ್ನೋ ಸೋಡಾ ಕರಗಿಸಿದ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತಿ, 7ಕ್ಕಿಂತ ಕೆಳಗ ಹುಳಿ, ಮ್ಯಾಲ ಕ್ಷಾರ) 8ರ ಮ್ಯಾಲ ಇರತೈತಿ, ನೆತ್ತಿ ಚರ್ಮದ್ದು ಸುಮಾರು 5.5, ಕೂದಲಕ್ಕ ಇನ್ನೂ ಹುಳಿ ಇದ್ರ ಸೇರತೈತಿ. ಕ್ಷಾರ ಬಿದ್ದಷ್ಟೂ ಕೂದಲಾ ಉಬ್ಬಿ ಮ್ಯಾಲಿನ ಪದರು ಒರಟಾಗ್ತಾವ, ಒಂದಕ್ಕೊಂದು ತಿಕ್ಕಾಡಿ ಸಿಕ್ಕಾಗ್ತಾವ. ಅವತ್ತು ಸ್ವಚ್ಛ ಅನಸ್ತೈತಿ ಖರೇ, ಆದ್ರ ಇದ್ದ ಮಿಂಚೂ ಹೊಕ್ಕೈತಿ.

ತಂಗಿ, ಏನರ ತಗೊಳ್ಳೂ ಮೊದಲು ಇಷ್ಟು ಹೇಳು. ತಲಿಗೆ ಎರಕೊಳ್ಳೂ ನೀರು ಬೋರಿಂದೋ ನಳದ್ದೋ? ಬಚ್ಚಲದ ನಳಕ್ಕ, ಬಕೀಟಿಗೆ ಬೆಳ್ಳಗ ಕಟ್ಟೈತೇನು? ಕೂದಲಾ ಹಸಿ ಇದ್ದಾಗ ಜಾರತೈತೋ, ಬೆರಳಿಗೆ ಅಂಟಿ ಬರತೈತೋ? ಬಣ್ಣಾ ಹಚ್ಚಿಸೀಯೇನು? ಕಂಡೀಶನರ್ ಹಚ್ಚತೀಯೋ ಇಲ್ಲೋ?

ಕುಂದಾನಗರಿ_ಹುಡುಗಿ:
ಅಕ್ಕಾರ, ಬೋರಿನ ನೀರ್ರಿ. ನಳದ ಬಾಯಾಗ ಸುಣ್ಣದಂತಾದ್ದು ಕಟ್ಟೇತಿ, ಗೀಜರ್ ಕಾಯಿಲ್ ಒಮ್ಮೆ ಬದಲಿ ಮಾಡ್ಸಿದ್ವಿ. ಹಸಿ ಇದ್ದಾಗ ಬೆರಳಿಗೆ ಅಂಟತೈತಿ, ಜಾರಂಗಿಲ್ಲ. ಬಣ್ಣಾ ಇಲ್ಲ. ಕಂಡೀಶನರ್ ಆವಾಗೀವಾಗ. ಮತ್ತ ಒಂದು, ಕಡೀಗೆ ಒಂದೆರಡು ತಂಬಿಗಿ ಆರ್‌ಒ ನೀರು ಹಾಕೊಂತೀನಿ, ಅಂದ್ರ ಆ ಫಿಲ್ಟರ್ ಪೈಪಿನ್ಯಾಗ ಹೊರಗ ಬರೂ ನೀರು, ಸುಮ್ನ ಹಾಳಾಗ್ತೈತಿ ಅಂತ ಬಕೀಟಿನ್ಯಾಗ ಹಿಡಿತೀವಿ.

ಬಾಗಲಕೋಟಿ_ಪಾರ್ಲರ್_ಅಕ್ಕ:
ಅಲ್ಲೇ ಐತಿ ನೋಡವ್ವ ಗಂಟು. ಆ ಪೈಪಿನ್ಯಾಗ ಹೊರಗ ಬರೂದು ಫಿಲ್ಟರ್ ಬ್ಯಾಡ ಅಂತ ದಬ್ಬಿದ ನೀರು. ಬೋರಿನ್ಯಾಗಿನ ಉಪ್ಪಿನಂಶಾ ಎಲ್ಲಾ ಅದರಾಗ ಕೂಡಿ ಮೊದಲಿಗಿಂತ ಗಟ್ಟಿ ಆಗಿರತೈತಿ. ಅದನ್ನ ಕಡೀ ತಂಬಿಗಿಯಾಗಿ ಹಾಕೊಂಡ್ರ ಕೂದಲದ ಮ್ಯಾಲ ಕೂಡೂದೂ ಅದ. ನೆಲಾ ಒರಸಾಕ, ಸಂಡಾಸಕ್ಕ ಬಳಸ್ರಿ ಅದನ್ನ.

ಈಗ ಆಗೇತೇನು ಅಂದ್ರ, ನಿಮ್ಮ ಕಡೆ ಕಪ್ಪ ಕಲ್ಲಿನ ನೆಲಾ, ಬೋರ್ ನೀರು ಆ ಬಂಡಿ ಸಂದ್ಯಾಗಿಂದ ಬರೂವಾಗ ಕ್ಯಾಲ್ಸಿಯಂ ಮೆಗ್ನೀಸಿಯಂ ಕರಗಿಸ್ಕೊಂಡು ಬರ್ತೈತಿ. ಬೆಳಗಾವಿಗೆ ರಕ್ಕಸಕೊಪ್ಪ, ಹಿಡಕಲ್ ಡ್ಯಾಮಿನ ನೀರು, ಮಳಿ ನೀರು ಕೂಡಿದ್ದು, ಅದಕ್ಕ ಅಲ್ಲಿ ಅಷ್ಟು ಎಣ್ಣಿಗೇ ಹೊಳೀತಿತ್ತು. ಕೂದಲದ ಮ್ಯಾಲಿನ ಪದರು ಒಂದರ ಮ್ಯಾಲ ಒಂದು ಚಪ್ಪಟಿ ಕುಂತ್ರ ಬೆಳಕು ಒಂದ ಕಡೆ ಹೊಡೀತೈತಿ, ಅದ ಮಿಂಚು. ಅದರ ಮ್ಯಾಲ ಈ ಖನಿಜ ಕುಂತ್ರ ಬೆಳಕು ಚದರಿಹೊಕ್ಕೈತಿ, ಮಬ್ಬು ಕಾಣತೈತಿ. ಸಬಕಾರ ಹಚ್ಚಿ ತಲಿ ಎರಕೊಳ್ಳೂ ಮನ್ಯಾಗಂತೂ ಸಬಕಾರ ಕ್ಯಾಲ್ಸಿಯಂ ಕೂಡಿ ಕರಗದ ಜಿಗಟಾಗಿ ಕೂಡತೈತಿ. ನೀನು ಇಷ್ಟು ದಿನಾ ಮೊಸರು ತತ್ತಿ ಸ್ಪಾ ಎಲ್ಲಾ ಆ ಪೊರೆ ಮ್ಯಾಲ ಹಚ್ಚಿದಿ, ಒಳಗ ಏನೂ ಮುಟ್ಟಿಲ್ಲ. ಮೊದಲು ತಗೀಬೇಕು, ಆಮ್ಯಾಲ ಹಚ್ಚಬೇಕು. ನನ್ನ ಪಾರ್ಲರಿಗೆ ಬರೂ ಎಷ್ಟೋ ಹುಡುಗ್ಯಾರಿಗೆ ಇದನ್ನ ಹೇಳತೀನಿ, ರೊಕ್ಕಾ ಖರ್ಚು ಮಾಡೂದು ಬ್ಯಾಡ, ನೀರು ನೋಡ್ರಿ ಮೊದಲು ಅಂತ.

ತಗಿಯಾಕ ಕೀಲೇಟಿಂಗ್ ಶಾಂಪೂ ಬೇಕು, ಅಂದ್ರ ಖನಿಜ ಹಿಡಕೊಂಡು ತೊಳದು ಹಾಕೂ ಜಾತಿದು. ಬಾಟಲಿ ಮ್ಯಾಲ ಕೀಲೇಟಿಂಗ್ ಅಂತನೋ ಹಾರ್ಡ್ ವಾಟರ್ ಅಂತನೋ ಬರದಿರಬೇಕು. ಬರೇ ಕ್ಲಾರಿಫೈಯಿಂಗ್ ಅಂತ ಇದ್ರ ಅದು ಎಣ್ಣಿ, ಸೀರಮ್ ಜಿಡ್ಡು ತಗೀತೈತಿ, ಖನಿಜ ಬಿಡಸಂಗಿಲ್ಲ. ಇಡಿಟಿಎ (ಖನಿಜ ಹಿಡಿಯೂ ಒಂದು ರಾಸಾಯನಿಕ) ಹೆಸರು ಸಾದಾ ಶಾಂಪೂದಾಗೂ ಪಟ್ಟಿ ಕಡೀಗೆ ಇರತೈತಿ, ಅಷ್ಟರಿಂದ ಕೆಲಸ ಆಗಂಗಿಲ್ಲ. ಹಚ್ಚಿ ಕೂಡ್ಲೆ ತೊಳೀಬ್ಯಾಡ, ನಾಕೈದು ಮಿನಿಟು ಬಿಡು, ಖನಿಜ ಹಿಡಕೊಂಡು ಬರಾಕ ಟೈಮ್ ಬೇಕಾಗ್ತೈತಿ. ಹದಿನೈದು ದಿನಕ್ಕ ಒಮ್ಮೆ ಸಾಕು, ವಾರ ವಾರ ಮಾಡಿದ್ರ ಒಣಗಿಹೊಕ್ಕೈತಿ. ನಡಕ ಬೇಕಾದ್ರ ಶಾಂಪೂಕ್ಕಿಂತ ಮೊದಲು, ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚಾ ಬಿಳಿ ವಿನೆಗರ್ ಹಾಕಿ ಉದ್ದಕ ಕೂದಲಕ್ಕ ಸುರುವಿ, ಎರಡು ಮಿನಿಟು ಬಿಟ್ಟು ತೊಳಿ. ನಿಮ್ಮ ಕಡೆ ಇಂಡಿ ಲಿಂಬಿಹಣ್ಣು ಬೇಕಾದಷ್ಟು ಸಿಗತಾವ, ಅದೂ ನಡಿತೈತಿ, ಆದ್ರ ನೀರು ಕೂಡಿಸ್ದ ಹಿಂಡಬ್ಯಾಡ, ಹಚ್ಚಿಕೊಂಡು ಬಿಸಲಾಗ ನಿಲ್ಲಬ್ಯಾಡ, ಚರ್ಮ ಸುಟ್ಟಂಗಾಗಿ ಕಲಿ ಬೀಳತಾವ.

ಇದಾದ ಮ್ಯಾಲ ಕಂಡೀಶನರ್ ತಪ್ಪಸಾಂಗಿಲ್ಲ, ಪ್ರತಿ ಸಲ. ಕಡೀ ಎರಡು ತಂಬಿಗಿ ಕುಡಿಯೂ ಆರ್‌ಒ ನೀರು, ಇಲ್ಲಾ ಮಳಿಗಾಲದಾಗ ಹಿಡದಿಟ್ಟ ನೀರು.

ಇಳಕಲ್_ಸೆರಗು:
ಅಕ್ಕಾರ, ನಡಕ ಬಂದೆ ಅಂತ ಬೇಜಾರಾಗಬ್ಯಾಡ್ರಿ. ಶವರಿಗೆ ಹಚ್ಚೂ ಫಿಲ್ಟರ್ ಆನ್‌ಲೈನ್‌ನ್ಯಾಗ ಭಾಳ ತೋರಸಾಕತ್ತಾರ, ಬೋರ್ ನೀರು ಮೆತ್ತಗ ಮಾಡತೈತಿ ಅಂತ. ತಗೋಬಹುದಾ? ಮತ್ತ ನೀರು ಕುದಿಸಿ ಆರಿಸಿದ್ರ ಆಗತೈತಿ ಅಂತಾರಲ್ಲ ನಮ್ಮತ್ತಿ.

ನಳದ_ಮೇಸ್ತ್ರಿ_ಬೆಳಗಾವಿ:
ಇದಕ್ಕ ನಾ ಹೇಳ್ತೀನ್ರಿ, ನೀರಿನ ಮಷೀನ್ ಕೂಡಸೂದ ನನ್ನ ಕೆಲಸ. ಆ ಶವರ್ ಫಿಲ್ಟರ್ ಒಳಗ ಇರೂದು ಕಾರ್ಬನ್ ಮತ್ತ ಅಂಥವ, ಕ್ಲೋರಿನ್ ಕಮ್ಮಿ ಮಾಡ್ತಾವ, ಗಡಸುತನ (ಅಕ್ಕಾರು ಹೇಳಿದ ಕ್ಯಾಲ್ಸಿಯಂ ಮೆಗ್ನೀಸಿಯಂ) ಹೋಗಂಗಿಲ್ಲ. ಗಡಸುತನ ತಗಿಯೂದು ರೆಸಿನ್ (ಸಣ್ಣ ಸಣ್ಣ ಪ್ಲಾಸ್ಟಿಕ್ ಮಣಿ) ಇರೂ ಸಾಫ್ಟನರ್, ಕ್ಯಾಲ್ಸಿಯಂ ಹಿಡಕೊಂಡು ಸೋಡಿಯಂ ಬಿಡೂ ಜಾತಿದು, ಆವಾಗಾವಾಗ ಉಪ್ಪು ಹಾಕಿ ತೊಳೀಬೇಕಾಗ್ತೈತಿ. ಉಪ್ಪು ಹಾಕೂ ಜಾಗಾನ ಇಲ್ಲದ ಸಣ್ಣ ಡಬ್ಬಿ ಸಾಫ್ಟನರ್ ಅಂತ ಮಾರಿದ್ರ ನಂಬಬ್ಯಾಡ್ರಿ.

ನಿಮ್ಮತ್ತಿ ಹೇಳೂದು ಅರ್ಧಾ ಖರೇ ಐತ್ರಿ. ಕುದಿಸಿದ್ರ ಬೈಕಾರ್ಬೊನೇಟ್ ಕಡಿಂದ ಬಂದ ಗಡಸುತನ ತಳಕ್ಕ ಕೂಡತೈತಿ, ಪಾತೇಲಿ ತಳದಾಗಿನ ಬಿಳಿ ಪದರು ಅದ. ಸಲ್ಫೇಟ್, ಕ್ಲೋರೈಡ್ ಕಡಿಂದ ಆದದ್ದು ಎಷ್ಟ ಕುದಿಸಿದ್ರೂ ಹೋಗಂಗಿಲ್ಲ. ಮತ್ತ ಟಿಡಿಎಸ್ ಮೀಟರ್ ಹಿಡದು ನೋಡಿ ಗಾಬರಿ ಆಗಬ್ಯಾಡ್ರಿ, ಅದು ಕರಗಿದ್ದೆಲ್ಲಾ ಕೂಡಿಸಿ ಹೇಳತೈತಿ, ಗಡಸುತನ ಬ್ಯಾರೆ ಅಳೀಬೇಕು, ಹನಿ ಹಾಕೂ ಕಿಟ್ ಸಿಗತೈತಿ. ಕುಡಿಯೂ ನೀರಿನ ಭಾರತದ ಮಾನದಂಡ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ತನಕ ಚಲೋ, ಬ್ಯಾರೆ ನೀರ ಇಲ್ಲಂದ್ರ 600ರ ತನಕ ನಡಸಬಹುದು. ಗಡಸುತನ ಹೆಚ್ಚಾದಷ್ಟೂ ಬಚ್ಚಲದಾಗ ಬಿಳಿ ಕಟ್ಟೂದು ಕಣ್ಣಿಗೆ ಕಾಣತೈತಿ.

ಕುಂದಾನಗರಿ_ಹುಡುಗಿ:
ಅಕ್ಕಾರ, ಕೀಲೇಟಿಂಗ್ ಶಾಂಪೂ ತಂದು ಹಚ್ಚಿದೆ, ಕಡೀಗೆ ಕುಡಿಯೂ ನೀರು ಹಾಕೊಂಡೆ. ಭಾಳ ದಿನದ ಮ್ಯಾಲ ಹಸಿ ಕೂದಲಾ ಬೆರಳಾಗಿಂದ ಜಾರಿಹೋದ್ವು, ಖರೇ ಹೇಳ್ಬೇಕಂದ್ರ ಕಣ್ಣಾಗ ನೀರ ಬಂತು. ಮಬ್ಬು ಹೋಗೇತಿ. ಆದ್ರ ಮ್ಯಾಲ ಸಣ್ಣ ಸಣ್ಣ ಕೂದಲಾ ಎದ್ದು ನಿಂದರ್ತಾವ, ತುದಿ ಒಡದಾವ. ಸ್ಟ್ರೇಟ್ನರ್ ಐತಿ ಮನ್ಯಾಗ, ಹಸಿ ಇದ್ದಾಗ ಎಳದ್ರ ಜಲ್ದಿ ನೇರ ಆಗ್ತಾವ ಅಂತ ಗೆಳತಿ ಹೇಳಿದ್ಲು. ಕೆರಾಟಿನ್ ಪ್ರಶ್ನೇನೂ ಹಂಗ ಉಳೀತ್ರಿ.

ಬಾಗಲಕೋಟಿ_ಪಾರ್ಲರ್_ಅಕ್ಕ:
ಹಸಿ ಕೂದಲಕ್ಕ ಸ್ಟ್ರೇಟ್ನರ್ ಇಡಬ್ಯಾಡವ್ವ! ಒಳಗಿನ ನೀರು ಒಮ್ಮೆಲೆ ಆವಿ ಆಗಿ ಕೂದಲದೊಳಗ ಗುಳ್ಳಿ ಏಳತಾವ, ಅಲ್ಲೇ ಮುರಿತಾವ. ಪೂರಾ ಒಣಗಿರಬೇಕು, ಹೀಟ್ ಪ್ರೊಟೆಕ್ಟರ್ ಹಚ್ಚಿರಬೇಕು, ಸಣ್ಣ ಕೂದಲಿದ್ರ 150 ಡಿಗ್ರಿ, ದಪ್ಪ ಇದ್ರ 180, ಅದಕ್ಕ ಮ್ಯಾಲ ಬ್ಯಾಡ. ಒಂದ ಎಳಿ ಮ್ಯಾಲ ಒಂದ ಸಲ ಸಾವಕಾಶ ಎಳಿ, ಹತ್ತು ಸಲ ತಿಕ್ಕಬ್ಯಾಡ. ಒಡದ ತುದಿ ಯಾವ ಎಣ್ಣಿಗೂ ಕೂಡಂಗಿಲ್ಲ, ಒಂದಿಂಚು ಕತ್ತರಿಸಿಬಿಡು.

ಎದ್ದು ನಿಂದರೂ ಕೂದಲಕ್ಕ ಅಗಸಿ ಐತಲ್ಲ ಮನ್ಯಾಗ, ಹಿಂಡಿ ಮಾಡಾಕ ತಂದದ್ದು? ಕಾಲು ಕಪ್ಪು ಅಗಸಿ, ಎರಡು ಕಪ್ಪು ನೀರು (ಇದಕ್ಕೂ ಕುಡಿಯೂ ನೀರ ಹಾಕು), ಸಣ್ಣ ಉರಿ ಮ್ಯಾಲ ಇಟ್ಟು ತಿರುವುತಾ ಇರು. ಐದಾರು ಮಿನಿಟಿಗೆ ಸೌಟು ಎತ್ತಿದ್ರ ಲೋಳಿ ಎಳಿ ಎಳಿಯಾಗಿ ಬೀಳತೈತಿ, ಆಗ ಆರಿಸು, ಇನ್ನೂ ಕುದಿಸಿದ್ರ ಗಟ್ಟಿ ಆಗಿ ಸೋಸಾಕ ಬರಂಗಿಲ್ಲ. ಬಿಸಿ ಇದ್ದಾಗ ಹಳೇ ಧೋತರದ ಅರಿವ್ಯಾಗ ಸೋಸು, ಆರಿದ್ರ ಅಗಸಿ ಬಿಡಂಗಿಲ್ಲ ಅದನ್ನ. ಒಂದು ವಾರ ಫ್ರಿಜ್‌ನ್ಯಾಗ ಇರತೈತಿ, ವಾಸನಿ ಬಂದ್ರ ಚೆಲ್ಲು. ಹಸಿ ಕೂದಲಕ್ಕ ಬೆರಳ ತುದೀಲೆ ಮ್ಯಾಲಿಂದ ಕೆಳಗ ಸವರಿ, ಅಗಲ ಹಲ್ಲಿನ ಹಣಗಿಲೆ ಬಾಚಿ ಬಿಡು. ಒರಸಾಕೂ ಅದ ಧೋತರದ ಅರಿವಿ ತಗೋ, ಟಾವೆಲ್ಲಿಂದ ಗಸಗಸ ತಿಕ್ಕಬ್ಯಾಡ.

ಎಣ್ಣಿ ತಲಿ ಎರಕೊಳ್ಳೂ ಮುಂಚೆ ಹಚ್ಚು, ಕೊಬ್ರಿ ಎಣ್ಣೀನ ಇರ್ಲಿ. 2003ರಾಗ ನಮ್ಮ ದೇಶದವರ ಒಂದು ಅಧ್ಯಯನಾ ಬಂದಿತ್ತು, ಕೊಬ್ರಿ ಎಣ್ಣಿ ಕೂದಲದೊಳಗ ಇಳದು ಪ್ರೋಟೀನ್ ಹೋಗೂದು ತಗ್ಗಿಸ್ತೈತಿ, ಸೂರ್ಯಕಾಂತಿ ಎಣ್ಣಿ ಮಿನರಲ್ ಆಯಿಲ್‌ಗೆ ಆ ಗುಣಾ ಕಾಣಲಿಲ್ಲ ಅಂತ.

ಕೆರಾಟಿನ್ ವಿಷಯಕ್ಕ ನನ್ನ ಮಾತು, ಲಗ್ನದ ಗಡಿಬಿಡ್ಯಾಗ ಬ್ಯಾಡ. ಇದರಿಂದ ನನಗ ರೊಕ್ಕಾ ಬರತೈತಿ, ಆದ್ರೂ ಹೇಳ್ತೀನಿ. ಕೆಲವು ಬಾಟಲಿಯಾಗಿನ ಔಷಧಿ ಕೂದಲಕ್ಕ ಹಚ್ಚಿ ಬಿಸಿ ಮಾಡಿದ್ರ ಫಾರ್ಮಾಲ್ಡಿಹೈಡ್ ಅನ್ನೂ ವಿಷದ ಹೊಗಿ ಬಿಡತಾವ. ಫಾರ್ಮಾಲಿನ್ (ಅದ ಫಾರ್ಮಾಲ್ಡಿಹೈಡ್ ನೀರಾಗ ಕರಗಿಸಿದ್ದು) ಇಲ್ಲ ಅಂತ ಮಾರೂದರಾಗ ಗ್ಲೈಆಕ್ಸಿಲಿಕ್ ಆಸಿಡ್ ಇರಬಹುದು, 2024ರಾಗ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ್ಯಾಗ ಅಂಥಾದ್ದು ಹಚ್ಚಿಸಿದ ಪ್ರತಿ ಸಲ ಕಿಡ್ನಿಗೆ ಪೆಟ್ಟಾದ ಒಬ್ಬ ಹೆಣ್ಮಗಳ ಬಗ್ಗೆ ಡಾಕ್ಟರ್‌ಗೋಳು ಬರದಾರ. ಪಟ್ಟಿ ಓದ್ದ ಯಾರ ಕೈಯಾಗೂ ತಲಿ ಕೊಡಬ್ಯಾಡ.

ಗುಮ್ಮಟದ_ನೆರಳು:
ಅಕ್ಕಾರ, ನನ್ನ ಮಗಳದ್ದು ಗುಂಗುರು ಕೂದಲಾ, ಬೋರ್ ನೀರ ಅದ. ಆಕಿದೂ ಹಿಂಗ ಹೊಳೀತಾವೇನು?

ಬಾಗಲಕೋಟಿ_ಪಾರ್ಲರ್_ಅಕ್ಕ:
ನೀರಿನ ಕೆಲಸ ಆಕಿಗೂ ಅಷ್ಟೇ ಬೇಕ್ರಿ, ಆದ್ರ ಗುಂಗುರು ಕೂದಲಾ ಒಂದೊಂದು ಒಂದೊಂದು ದಿಕ್ಕಿಗೆ ಬಾಗಿರತಾವ, ಬೆಳಕು ಒಂದ ಕಡೆ ಬೀಳಂಗಿಲ್ಲ. ಆರೋಗ್ಯ ಇದ್ರೂ ನೇರ ಕೂದಲದಂಗ ಮಿಂಚಂಗಿಲ್ಲ. ಆಕಿಗೆ ಸ್ಟ್ರೇಟ್ನರ್ ಹಚ್ಚಬ್ಯಾಡ್ರಿ, ಅಗಸಿ ಲೋಳಿ ಹಚ್ಚಿ ಸುರುಳಿ ಕೂಡಸ್ರಿ, ಭಾಳ ಚಂದ ಕಾಣತಾಳ.

ಮತ್ತ ಕುಂದಾನಗರಿ ತಂಗಿ, ಲಗ್ನದ ಹಿಂದಿನ ದಿನಾ ತಲಿ ಎರಕೋ, ಅವತ್ತ ಬ್ಯಾಡ. ಸೀರಮ್ ಎರಡು ಹನಿ ಸಾಕು, ಕಿವಿ ಕೆಳಗ ಅಷ್ಟ, ನೆತ್ತಿಗೆ ಹಚ್ಚಿದ್ರ ಜಿಡ್ಡು ಕಾಣತೈತಿ. ಕುಡಿಯೂ ನೀರು ಒಂದು ಕೊಡಾ ಮೊದಲ ತುಂಬಿಟ್ಟುಕೋ, ಲಗ್ನದ ಮನ್ಯಾಗ ಮಂದಿ ಭಾಳ, ಕರೆಂಟ್ ಹೋದ್ರ ಫಿಲ್ಟರೂ ನಡೆಯಂಗಿಲ್ಲ.