ಎಸ್‌ಎಸ್‌ಎಲ್_ಕನೆಕ್ಟ್ 1 ಎನ್ನುತ್ತದೆ, ಸರ್ವರ್ ಮಾತ್ರ ಪ್ರಮಾಣಪತ್ರ ಬಂದೇ ಇಲ್ಲ ಎನ್ನುತ್ತದೆ

ಪ್ರಶ್ನೆ:
ಹಾಲಿನ ಡೇರಿಯ ತೂಕದ ಯಂತ್ರದ ಪಕ್ಕ ಕೂರುವ ಪುಟ್ಟ ಲಿನಕ್ಸ್ ಬೋರ್ಡಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು ಎಂಬ ಲೆಕ್ಕವನ್ನು ಅದು ಬೆಳಿಗ್ಗೆ, ಸಂಜೆ ಸರ್ವರ್‌ಗೆ ಕಳುಹಿಸುತ್ತದೆ. ಇಷ್ಟು ದಿನ ಎಲ್ಲ ಬೋರ್ಡುಗಳಿಗೂ ಒಂದೇ ಪಾಸ್‌ವರ್ಡ್ ಇತ್ತು, ಅದೂ ಪ್ರೋಗ್ರಾಂ ಒಳಗೇ. ಒಂದು ಬೋರ್ಡ್ ಕಳುವಾದರೆ ಎಲ್ಲವೂ ಹೋದಂತೆ. ಆ ಚಿಂತೆಯಿಂದಲೇ ಪ್ರತಿ ಬೋರ್ಡಿಗೂ ಅದರದೇ ಕೀಲಿ, ಸರ್ವರ್‌ಗೆ ಅದರ ಗುರುತು ತೋರಿಸುವ ಅದರದೇ ಪ್ರಮಾಣಪತ್ರ ಕೊಡಲು ಹೊರಟಿದ್ದೇನೆ.

ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಟಿಎಲ್‌ಎಸ್ ನಿಯಮಾವಳಿಯ 1.3 ಆವೃತ್ತಿ, ಅದಕ್ಕೆ ಓಪನ್‌ಎಸ್‌ಎಸ್‌ಎಲ್ 3.0 ಲೈಬ್ರರಿ. ನಾನು ಬರೆದ ಕ್ರಮ ಹೀಗಿದೆ: ಮೊದಲು ಎಸ್‌ಎಸ್‌ಎಲ್_ಸಿಟಿಎಕ್ಸ್_ನ್ಯೂ (ಸೆಟ್ಟಿಂಗ್‌ಗಳನ್ನು ಇಡುವ ಸಿಟಿಎಕ್ಸ್), ಅದರಿಂದ ಎಸ್‌ಎಸ್‌ಎಲ್_ನ್ಯೂ (ಒಂದು ಸಂಪರ್ಕ), ಸಾಕೆಟ್ ಜೋಡಣೆ, ನಂತರ ಎಸ್‌ಎಸ್‌ಎಲ್_ಸಿಟಿಎಕ್ಸ್_ಯೂಸ್_ಸರ್ಟಿಫಿಕೇಟ್_ಫೈಲ್ ಮತ್ತು ಖಾಸಗಿ ಕೀಲಿ, ಕೊನೆಗೆ ಎಸ್‌ಎಸ್‌ಎಲ್_ಕನೆಕ್ಟ್. ಕೀಲಿ ಮತ್ತು ಪ್ರಮಾಣಪತ್ರ ಹೊಂದುತ್ತವೆ ಎಂದು ಚೆಕ್_ಪ್ರೈವೇಟ್_ಕೀ ಹೇಳುತ್ತದೆ. ಕನೆಕ್ಟ್ 1, ಅಂದರೆ ಯಶಸ್ಸು, ಕೊಡುತ್ತದೆ, ಎಸ್‌ಎಸ್‌ಎಲ್_ರೈಟ್ ಕೂಡ ಯಶಸ್ವಿ. ಓದಲು ಹೋದಾಗ ಮಾತ್ರ ಸರ್ವರಿನಿಂದ 'ಸರ್ಟಿಫಿಕೇಟ್ ರಿಕ್ವೈರ್ಡ್' (ಪ್ರಮಾಣಪತ್ರ ಬೇಕು) ಎಂಬ ದೋಷಸೂಚನೆ, ಅಲರ್ಟ್ ಸಂಖ್ಯೆ 116. ಬರೆದದ್ದು ತಲುಪಿತೆಂದು ನಂಬಿ ಬೋರ್ಡಿನಲ್ಲಿದ್ದ ದಾಖಲೆಯನ್ನು ಪ್ರೋಗ್ರಾಂ ಅಳಿಸಿಬಿಟ್ಟಿದೆ. ಎರಡು ಸರದಿಯ ಲೆಕ್ಕ ಹೋಯಿತು. ಪರೀಕ್ಷೆಗೆಂದು ವೆರಿಫೈ_ನನ್ (ಸರ್ವರಿನ ಪ್ರಮಾಣಪತ್ರವನ್ನು ಪರಿಶೀಲಿಸದ ಆಯ್ಕೆ) ಇಟ್ಟಿದ್ದೇನೆ. ಎಲ್ಲಿ ತಪ್ಪಿದ್ದೇನೆ?

ಉತ್ತರ 1:
ಕ್ರಮದಲ್ಲಿ ತಪ್ಪಿದೆ. ಎಸ್‌ಎಸ್‌ಎಲ್_ನ್ಯೂ ಕರೆದ ಕ್ಷಣದಲ್ಲಿ ಸಿಟಿಎಕ್ಸ್‌ನಲ್ಲಿ ಏನಿದೆಯೋ ಅದರ ಪ್ರತಿಯನ್ನು ಆ ಸಂಪರ್ಕ ತೆಗೆದುಕೊಳ್ಳುತ್ತದೆ. ಆಮೇಲೆ ಸಿಟಿಎಕ್ಸ್‌ಗೆ ಸೇರಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ನಿಮ್ಮ ಬೋರ್ಡ್ ಖಾಲಿ ಪ್ರಮಾಣಪತ್ರದ ಸಂದೇಶ ಕಳುಹಿಸಿದೆ. ಕೀಲಿ, ಪ್ರಮಾಣಪತ್ರ ಎಲ್ಲವನ್ನೂ ತುಂಬಿದ ನಂತರವೇ ಎಸ್‌ಎಸ್‌ಎಲ್_ನ್ಯೂ ಕರೆಯಿರಿ.

ಉತ್ತರ 2:
ಆ 1 ಏಕೆ ಬಂತು ಎಂಬುದನ್ನೂ ತಿಳಿದುಕೊಳ್ಳಿ ಸರ್. ಟಿಎಲ್‌ಎಸ್ 1.2ರಲ್ಲಾಗಿದ್ದರೆ ಸರ್ವರ್ ನಿಮ್ಮನ್ನು ನಿರಾಕರಿಸಿದಾಗ ಕನೆಕ್ಟ್ ಅಲ್ಲೇ ಸೋಲುತ್ತಿತ್ತು. 1.3ರಲ್ಲಿ ಕ್ಲೈಂಟ್ ತನ್ನ ಪ್ರಮಾಣಪತ್ರವನ್ನು ಕೊನೆಯ ಕಂತಿನಲ್ಲಿ ಕಳುಹಿಸುತ್ತದೆ, ಕಳುಹಿಸಿದ ಕೂಡಲೇ ತನ್ನ ಪಾಲಿನ ಕೆಲಸ ಮುಗಿಯಿತೆಂದು 1 ಕೊಡುತ್ತದೆ. ಸರ್ವರ್ ಅದನ್ನು ಪರಿಶೀಲಿಸುವುದು ಆಮೇಲೆ. ನಿರಾಕರಣೆ ನಿಮಗೆ ಕಾಣುವುದು ಮೊದಲ ಎಸ್‌ಎಸ್‌ಎಲ್_ರೀಡ್‌ನಲ್ಲಿ. ಬರೆದದ್ದು ಸಾಕೆಟ್ಟಿಗೆ ಹೋಯಿತು ಎಂಬುದಕ್ಕಿಂತ ಹೆಚ್ಚಿನದೇನನ್ನೂ ರೈಟ್ ಹೇಳುವುದಿಲ್ಲ. ಸರ್ವರ್ 'ದಾಖಲಾಯಿತು' ಎಂದು ಮರಳಿ ಹೇಳುವವರೆಗೆ ಒಂದು ಸಾಲನ್ನೂ ಅಳಿಸಬೇಡಿ. ಅದು ರೈತರ ಹಣ.

ವೆರಿಫೈ_ನನ್ ಅನ್ನು ಇಂದೇ ತೆಗೆಯಿರಿ. ನಿಮ್ಮ ಕೀಲಿ ಬೋರ್ಡಿನಿಂದ ಹೊರಗೆ ಹೋಗುವುದಿಲ್ಲ, ನಿಜ. ಆದರೆ ನಡುವೆ ನಿಂತ ನಕಲಿ ಸರ್ವರ್ ನಿಮ್ಮ ಲೆಕ್ಕವನ್ನು ಪಡೆದು ಸುಳ್ಳು ರಸೀದಿ ಕೊಡಬಹುದು. ಪರಿಶೀಲಿಸುವ ಆಯ್ಕೆಯಾದ ವೆರಿಫೈ_ಪಿಯರ್ ಜೊತೆಗೆ ಎಸ್‌ಎಸ್‌ಎಲ್_ಸೆಟ್1_ಹೋಸ್ಟ್ ಕೂಡ ಬೇಕು. ಅದಿಲ್ಲದಿದ್ದರೆ ಸಹಿ ಮಾಡಿದವರು ಯಾರೆಂದು ನೋಡುತ್ತದೆ, ಸರ್ವರಿನ ಹೆಸರನ್ನು ನೋಡುವುದಿಲ್ಲ.

ಪ್ರಶ್ನೆ ಕೇಳಿದವರು:
ಕ್ರಮ ಬದಲಿಸಿದೆ, 116 ಹೋಯಿತು. ಈಗ 'ಅನ್‌ನೋನ್ ಸಿಎ' (ಪ್ರಮಾಣಪತ್ರಕ್ಕೆ ಸಹಿ ಹಾಕಿದ ಪ್ರಾಧಿಕಾರ, ಅಂದರೆ ಸಿಎ, ಗೊತ್ತಿಲ್ಲ), ಸಂಖ್ಯೆ 48. ನಮ್ಮ ಪ್ರಮಾಣಪತ್ರಗಳಿಗೆ ಸಹಿ ಹಾಕುವುದು ಮೂಲ ಸಿಎ ಅಲ್ಲ, ಅದರ ಕೆಳಗಿನ ಮಧ್ಯಂತರ ಸಿಎ.

ಉತ್ತರ 1:
ಯೂಸ್_ಸರ್ಟಿಫಿಕೇಟ್_ಫೈಲ್ ಕಡತದಲ್ಲಿರುವ ಮೊದಲ ಪ್ರಮಾಣಪತ್ರವನ್ನಷ್ಟೇ ಓದುತ್ತದೆ. ಮಧ್ಯಂತರದ್ದು ಸರ್ವರ್ ಬಳಿ ಇಲ್ಲದಿದ್ದರೆ ನಿಮ್ಮದನ್ನು ಮೂಲಕ್ಕೆ ಜೋಡಿಸಲು ಅದಕ್ಕೆ ದಾರಿಯೇ ಇರುವುದಿಲ್ಲ. ಎಸ್‌ಎಸ್‌ಎಲ್_ಸಿಟಿಎಕ್ಸ್_ಯೂಸ್_ಸರ್ಟಿಫಿಕೇಟ್_ಚೈನ್_ಫೈಲ್ ಬಳಸಿ, ಪೆಮ್ ಕಡತದಲ್ಲಿ (ಪ್ರಮಾಣಪತ್ರಗಳನ್ನು ಪಠ್ಯರೂಪದಲ್ಲಿ ಇಡುವ ಕಡತ) ಮೊದಲು ಬೋರ್ಡಿನದು, ಅದರ ಕೆಳಗೆ ಮಧ್ಯಂತರದ್ದು.

ಪ್ರಶ್ನೆ ಕೇಳಿದವರು:
ಅದೇ ಆಗಿತ್ತು. ಇಬ್ಬರಿಗೂ ಮನಸಾರೆ ಧನ್ಯವಾದಗಳು. ವೆರಿಫೈ_ಪಿಯರ್ ಹಾಕಿದ್ದೇನೆ, ಕೀಲಿಯ ಕಡತಕ್ಕೆ 0400 ಅನುಮತಿ (ಮಾಲೀಕ ಮಾತ್ರ ಓದಬಹುದು) ಕೊಟ್ಟಿದ್ದೇನೆ, ಸರ್ವರಿನ ಉತ್ತರ ಓದಿದ ಮೇಲಷ್ಟೇ ದಾಖಲೆ ಅಳಿಯುತ್ತದೆ. ನಿನ್ನೆ ಸಂಜೆಯ ಲೆಕ್ಕ ಪೂರ್ತಿ ಸೇರಿದೆ. ಕಳೆದುಹೋದ ಎರಡು ಸರದಿಗಳನ್ನು ಡೇರಿಯ ಕಾರ್ಯದರ್ಶಿಯವರ ಪುಸ್ತಕ ಮುಂದಿಟ್ಟುಕೊಂಡು ಒಂದೊಂದಾಗಿ ತುಂಬುತ್ತಿದ್ದೇನೆ.