ಹಗುರ ಕ್ರೈಸ್ತ ಕಾದಂಬರಿ: ಆಮಿಶ್ ಪ್ರೇಮಕಥೆಯಿಂದ ಸಸ್ಪೆನ್ಸ್‌ವರೆಗೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ

ಇಂಗ್ಲಿಷ್‌ನ ಕ್ರೈಸ್ತ ಕಾದಂಬರಿಗಳನ್ನು ಓದಬೇಕು ಅಂತಿದ್ದೀನಿ. ಉದ್ದುದ್ದ ಧರ್ಮೋಪದೇಶ ಬೇಡ, ಹಸಿಬಿಸಿ ದೃಶ್ಯ ಬೇಡ, ರಕ್ತಪಾತವಂತೂ ಬೇಡವೇ ಬೇಡ. ಮೊದಲು ಆಮಿಶ್ (ಆಧುನಿಕ ಸೌಕರ್ಯ ದೂರವಿಟ್ಟು ಸರಳವಾಗಿ ಬದುಕುವ ಅಮೆರಿಕದ ಕ್ರೈಸ್ತ ಪಂಗಡ) ಪ್ರೇಮಕಥೆ, ಆಮೇಲೆ ಒಂದಿಷ್ಟು ಸಸ್ಪೆನ್ಸ್. ಯಾವ ಪುಸ್ತಕ ಮೊದಲು? ಸರಣಿಯ ನಡುವಿನ ಪುಸ್ತಕ ಕೈಗೆ ಸಿಕ್ಕರೆ ಓದಬಹುದಾ?

ಉತ್ತರ 1

ಆಮಿಶ್ ಅಂದ್ರೆ ಬೆವರ್ಲಿ ಲೂಯಿಸ್ ಅವರ ‘ದಿ ಶನಿಂಗ್’ (1997) ಹಿಡಿಯಿರಿ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಕಥೆ. ಮದುವೆ ಹತ್ತಿರ ಬಂದಿರುವಾಗ ಕೇಟಿ ಲ್ಯಾಪ್‌ಗೆ ಅಟ್ಟದಲ್ಲಿ ಎಳೆಗೂಸಿನ ಸ್ಯಾಟಿನ್ ಅಂಗಿಯೊಂದು ಸಿಗುತ್ತೆ. ಸಾದಾ ಬಟ್ಟೆ ಬಿಟ್ಟು ಬೇರೆ ತೊಡದ ಮನೆಗೆ ಮಿರಮಿರ ಮಿಂಚುವ ಆ ಅಂಗಿ ಬಂದಿದ್ದು ಹೇಗೆ? ಕಥೆ ಬಿಚ್ಚಿಕೊಳ್ಳೋದೇ ಅಲ್ಲಿಂದ. ಆದರೆ ಮೊದಲ ಪುಸ್ತಕಕ್ಕೆ ಕಥೆ ಮುಗಿಯಲ್ಲ. ‘ದಿ ಕನ್ಫೆಷನ್’, ‘ದಿ ರೆಕನಿಂಗ್’ ಎರಡೂ ಜೊತೆಗಿಟ್ಟುಕೊಂಡೇ ಕೂತುಕೊಳ್ಳಿ.

ಶುರು ಮಾಡೋ ಮುಂಚೆ ಒಂದು ವಿಷಯ ಗೊತ್ತಿರಲಿ, ಇಲ್ಲದಿದ್ದರೆ ಅರ್ಧ ಕಥೆ ತಲೆಗೆ ಹತ್ತಲ್ಲ. ಆಮಿಶರಲ್ಲಿ ಕೂಸಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ, ಚರ್ಚಿಗೆ ಸೇರುವ ವಿಧಿ) ಇಲ್ಲ, ಬೆಳೆದ ಮೇಲೆ ತಾವಾಗಿಯೇ ತಗೋತಾರೆ. ಅದಕ್ಕೆ ಮುಂಚೆ ಊರು ಬಿಟ್ಟು ಹೋದರೆ ಮನೆಯವರಿಗೆ ನೋವು, ಅಷ್ಟೇ. ದೀಕ್ಷಾಸ್ನಾನದಲ್ಲಿ ಸಭೆಯ (ಅಂದ್ರೆ ಚರ್ಚಿನ ಸಮುದಾಯದ) ಮುಂದೆ ಮಾತು ಕೊಟ್ಟು ಆಮೇಲೆ ಬಿಟ್ಟರೆ ಬಹಿಷ್ಕಾರ: ಒಂದೇ ಮೇಜಿನಲ್ಲಿ ಊಟವಿಲ್ಲ, ಬಿಟ್ಟವರ ಕೈಯಿಂದ ಏನನ್ನೂ ತಗೊಳ್ಳೋ ಹಾಗಿಲ್ಲ. ‘ಇವಳು ಸುಮ್ಮನೆ ಹೊರಟುಹೋಗಬಾರದಾ?’ ಅನ್ನೋ ಪ್ರಶ್ನೆಗೆ ಹೆಚ್ಚಿನ ಕಾದಂಬರಿಗಳಲ್ಲಿ ಉತ್ತರ ಇದೇ. ‘ಆರ್ಡ್‌ನುಂಗ್’ ಅಂದ್ರೆ ಸಭೆಯ ಕಟ್ಟುಪಾಡು. ‘ರುಮ್‌ಸ್ಪ್ರಿಂಗಾ’ ಅಂದ್ರೆ ಸುಮಾರು 16ಕ್ಕೆ ಶುರುವಾಗಿ ದೀಕ್ಷಾಸ್ನಾನದ ತನಕ ನಡೆಯುವ ಹರೆಯದ ಓಡಾಟದ ಕಾಲ. ಇನ್ನು ‘ಇಂಗ್ಲಿಷರು’ ಅಂತ ಬಂದರೆ ಇಂಗ್ಲೆಂಡಿನವರಲ್ಲ, ಆಮಿಶರಲ್ಲದ ಎಲ್ಲರೂ.

ಒಳಗಿನವರ ಬರವಣಿಗೆಯೇ ಬೇಕಿದ್ದರೆ ಲಿಂಡಾ ಬೈಲರ್ ಓದಿ, ಅವರು ಸ್ವತಃ ಆಮಿಶ್. ಲೇಖಕರು ವಿಷಯ ತಿಳಿದು ಬರೆದಿದ್ದಾರಾ ಅಂತ ನೋಡಲು ಕುದುರೆಗಾಡಿಯ ಬಣ್ಣ ಗಮನಿಸಿ: ಲ್ಯಾಂಕಾಸ್ಟರ್‌ನಲ್ಲಿ ಬೂದು, ಒಹಾಯೊದ ಹೋಮ್ಸ್ ಕೌಂಟಿಯಲ್ಲಿ ಕಪ್ಪು.

ಉತ್ತರ 2

ಆಮಿಶ್‌ಗೇ ಅಂಟಿಕೊಳ್ಳಬೇಡಿ. ನೀವು ಕೇಳಿದ ಹಗುರಕ್ಕೆ ಜ್ಯಾನ್ ಕ್ಯಾರನ್ ಅವರ ‘ಅಟ್ ಹೋಮ್ ಇನ್ ಮಿಟ್‌ಫರ್ಡ್’ (1994) ಸರಿಯಾದ ಪುಸ್ತಕ. ವಯಸ್ಸಾಗುತ್ತಿರುವ ಪಾದ್ರಿ, ಸಣ್ಣ ಊರು, ಬೆನ್ನು ಬಿಡದ ದೊಡ್ಡ ಕಪ್ಪು ನಾಯಿ. ಸತ್ಯವೇದದ (ಬೈಬಲಿನ) ವಚನ ಹೇಳಿದರೆ ಮಾತ್ರ ಆ ನಾಯಿ ತೆಪ್ಪಗಾಗುತ್ತೆ! ಜ್ಯಾನೆಟ್ ಓಕ್ ಅವರ ‘ಲವ್ ಕಮ್ಸ್ ಸಾಫ್ಟ್‌ಲಿ’ (1979) ಕೂಡ ಒಳ್ಳೆಯದು. 8 ಪುಸ್ತಕಗಳ ಸರಣಿಯ ಮೊದಲನೆಯದು.

ಒಂದು ಎಚ್ಚರಿಕೆ. ‘ರಿಡೀಮಿಂಗ್ ಲವ್’ ಎಲ್ಲ ಪಟ್ಟಿಯಲ್ಲೂ ಇರುತ್ತೆ. ಬೈಬಲಿನ ಪ್ರವಾದಿ ಹೋಶೇಯನ ಕಥೆಯ ಮೇಲೆ ಕಟ್ಟಿದ ಗಟ್ಟಿ ಕಾದಂಬರಿ ಅದು, ಆದರೆ ವೇಶ್ಯಾವಾಟಿಕೆಗೆ ಮಾರಿಹೋದ ಮಗುವಿನಿಂದ ಶುರುವಾಗುತ್ತೆ. ಹಗುರ ಅಂತ ತೆರೆದರೆ ಎದೆ ಭಾರವಾಗೋದು ಖಂಡಿತ.

ಉತ್ತರ 3

ಸಸ್ಪೆನ್ಸ್‌ಗೆ ಡೀ ಹೆಂಡರ್ಸನ್ ಅವರ ಓ’ಮ್ಯಾಲಿ ಸರಣಿ. ತಬ್ಬಲಿಗಳಾದ 7 ಜನ ತಾವೇ ಒಂದು ಕುಟುಂಬವಾಗಿ ಬೆಳೆದವರು. ಮೊದಲ ಪುಸ್ತಕ ‘ದಿ ನೆಗೋಶಿಯೇಟರ್’ (2000): ಒತ್ತೆಯಾಳುಗಳನ್ನು ಬಿಡಿಸಲು ಮಾತುಕತೆ ನಡೆಸುವ ಪೊಲೀಸ್ ಅಧಿಕಾರಿ ಕೇಟ್‌ಳ ಕಥೆ. ಇಲ್ಲಿ ನಡುವಿನಿಂದ ಓದಲೇಬೇಡಿ. ಒಂದೊಂದು ಪುಸ್ತಕದ ಅಪರಾಧ ಅಲ್ಲಲ್ಲೇ ಬಗೆಹರಿಯುತ್ತೆ ನಿಜ, ಆದರೆ ತಂಗಿ ಜೆನಿಫರ್‌ಳ ಕಾಯಿಲೆ, ಒಬ್ಬೊಬ್ಬರೇ ಕ್ರೈಸ್ತ ವಿಶ್ವಾಸಕ್ಕೆ ಬರುವ ಬಗೆ ಸರಣಿ ಉದ್ದಕ್ಕೂ ಹರಿದಿದೆ. 4ನೆಯದನ್ನು ಮೊದಲು ಓದಿದರೆ ಹಿಂದಿನ ಮೂರರಲ್ಲಿ ಯಾರು ಯಾರ ಕೈ ಹಿಡಿದರು ಅನ್ನೋದು ಮೊದಲೇ ಗೊತ್ತಾಗಿಬಿಡುತ್ತೆ.

ಟೆರಿ ಬ್ಲ್ಯಾಕ್‌ಸ್ಟಾಕ್ ಅವರ ‘ಕೇಪ್ ರೆಫ್ಯೂಜ್’ (2002) ಬಿಗಿಯಾಗಿದೆ, ಆದರೆ ಶುರುವಿನಲ್ಲೇ ಜೋಡಿ ಕೊಲೆ. ನಿಮಗೆ ಸದ್ಯಕ್ಕೆ ಬೇಡ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಹೊದಿಕೆಯ ಮೇಲೆ ‘ಕ್ಲೀನ್ ರೊಮಾನ್ಸ್’ ಅಂತಿದ್ದರೆ ಕಣ್ಣುಮುಚ್ಚಿ ತಗೋಬಹುದಾ?

ಉತ್ತರ 1

ಬೇಡ. ‘ಕ್ಲೀನ್’ ಅಂದ್ರೆ ಮಲಗುಕೋಣೆ ದೃಶ್ಯ ಇಲ್ಲ ಅಂತ ಮಾತ್ರ. ದೇವರ ಪ್ರಸ್ತಾಪವೇ ಇಲ್ಲದಿರಬಹುದು. ‘ಇನ್ಸ್ಪಿರೇಷನಲ್’ (ದೈವವಿಶ್ವಾಸದ ಕಥೆ ಅನ್ನೋ ಗುರುತು) ಅಂತಿದೆಯಾ ನೋಡಿ. ಪ್ರಕಾಶಕರ ಹೆಸರೂ ನೋಡಿ: ಬೆಥನಿ ಹೌಸ್, ರೆವೆಲ್, ಟಿಂಡೇಲ್, ಬಾರ್ಬರ್ ಇದ್ದರೆ ಅದು ಕ್ರೈಸ್ತ ಪುಸ್ತಕವೇ. ಕೊಲೆ, ಹೊಡೆದಾಟ ಎಷ್ಟಿದೆ ಅನ್ನೋದನ್ನ ಮಾತ್ರ ಮೊದಲ ಅಧ್ಯಾಯ ತಿರುವಿ ನೀವೇ ನೋಡಿಕೊಳ್ಳಿ.